ಕಾರು ಮಿಸ್ಸಿಂಗ್ ಹೊಡೆಯುತ್ತಿದೆಯೇ? ಮೊದಲು ಸಿಲಿಂಡರ್ ಪತ್ತೆ ಮಾಡಿ

ನಿಂತಲ್ಲೇ ಇಂಜಿನ್ ನಡುಗುತ್ತದೆ, ಏರು ಹತ್ತುವಾಗ ಪಿಕಪ್ ಇಲ್ಲ, ಸೈಲೆನ್ಸರ್‌ನಲ್ಲಿ ತಾಳ ತಪ್ಪಿದ ಸದ್ದು. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದೇ ಈ ಮಿಸ್ಸಿಂಗ್. ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿದರೂ ವಾರದಲ್ಲಿ ಮತ್ತದೇ ಪಾಡು. ಇಂಥ ಹೊತ್ತಿನಲ್ಲಿ ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಹಣ ಕರಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಯಾವ ಸಿಲಿಂಡರ್ ಎಂಬುದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ.

ಡ್ಯಾಶ್‌ಬೋರ್ಡಿನ ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಕಾರನ್ನು ಮುಂದೆ ಓಡಿಸಲೇಬಾರದು. ಉರಿಯದೆ ಉಳಿದ ಪೆಟ್ರೋಲ್, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಆ ಭಾಗ ಸುಟ್ಟರೆ ಖರ್ಚು ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ), ಪ್ಲಗ್‌ಗಳಿಗಿಂತ ಎಷ್ಟೋ ಪಟ್ಟು ಹೆಚ್ಚು.

ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0301ರಿಂದ ಪಿ0304ರವರೆಗಿನ ಕೋಡ್‌ನಲ್ಲಿ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಪಿ0300 ಬಂದರೆ ದೋಷ ಒಂದೇ ಸಿಲಿಂಡರಿಗೆ ಕಟ್ಟುಬಿದ್ದಿಲ್ಲ ಎಂದರ್ಥ. ಆಗ ಇಂಧನದ ಒತ್ತಡ, ಗಾಳಿ ಸೋರಿಕೆಯ ಕಡೆ ನೋಡಬೇಕು.

ಕೋಡ್ ಪಿ0302 ಎಂದಿಟ್ಟುಕೊಳ್ಳಿ. ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇರುವ ಕಾರಾದರೆ ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿ. ಪಿ0303 ಬಂತೆಂದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೇ ಉಳಿದರೆ ಕಾಯಿಲ್ ಚೆನ್ನಾಗಿದೆ. ಪ್ಲಗ್‌ಗಳನ್ನೂ ಹೀಗೇ ಬದಲಿಸಿ ನೋಡಿ, ಕೊನೆಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. ಒಂದು ರೂಪಾಯಿಯ ಸಾಮಾನು ಕೊಳ್ಳದೆ ನಡೆಯುವ ಈ ಪರೀಕ್ಷೆಯನ್ನು ನಿಮ್ಮ ಮೆಕ್ಯಾನಿಕ್ ಬಳಿ ಕೇಳಿಯೇ ಮಾಡಿಸಿಕೊಳ್ಳಿ.

ಬಿಚ್ಚಿದ ಪ್ಲಗ್‌ನ ತುದಿಯನ್ನು ಬೆಳಕಿಗೆ ಹಿಡಿಯಿರಿ. ತಿಳಿ ಕಂದು ಬಣ್ಣ ಸರಿಯಾದದ್ದು. ಒಣ ಕರಿಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ; ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಕಿಡಿ ಹಾರುತ್ತಿಲ್ಲ; ಆಯಿಲ್ ಜಿಡ್ಡು ಕಂಡರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಪ್ಲಗ್‌ನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಆ ಪ್ಲಗ್ ಬೇಡ.

ನಿಂತಾಗ ಮಾತ್ರ ನಡುಗಿ, ವೇಗ ಏರಿದಾಗ ಸರಿಹೋದರೆ ಇಂಜಿನ್ನಿಗೆ ಜೋಡಿಸಿದ ರಬ್ಬರ್ ಕೊಳವೆಗಳಾದ ವ್ಯಾಕ್ಯೂಮ್ ಹೋಸ್‌ಗಳ ಮೇಲೆ ಅನುಮಾನಪಡಿ. ಬಳ್ಳಾರಿಯ ಬಿಸಿಲಿಗೆ ಮನೆ ಮುಂದೆ ನಿಂತೇ ಇರುವ ಹಳೆಯ ಕಾರುಗಳಲ್ಲಿ ರಬ್ಬರ್ ಒಣಗಿ ಬಿರಿಯುತ್ತದೆ. ಇಲಿ ಕಚ್ಚಿದ ವೈರ್‌ಗಳನ್ನೂ ಅದೇ ಸಮಯದಲ್ಲಿ ನೋಡಿ.

ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ದಿನವೂ ಓಡಾಡುವವರಿಗೆ ಒಂದು ಮಾತು. ಹರಿದ ಅಥವಾ ಸರಿಯಾಗಿ ಕೂರದ ಏರ್ ಫಿಲ್ಟರ್ ಮೂಲಕ ಕೆಂಧೂಳು ಒಳನುಗ್ಗಿದರೆ ರಿಂಗ್, ಸಿಲಿಂಡರ್ ಗೋಡೆಗಳನ್ನೇ ಸವೆಸುತ್ತದೆ. ಕಂಪ್ರೆಸರ್ ಗಾಳಿ ರಭಸವಾಗಿ ಹೊಡೆದು ಹಳೆಯ ಫಿಲ್ಟರನ್ನೇ ಮತ್ತೆ ಮತ್ತೆ ಬಳಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅದರ ಕಾಗದ ಹರಿದರೆ ಹೊರಗಿನಿಂದ ಕಾಣುವುದಿಲ್ಲ.

ಇಷ್ಟಾದರೂ ಕಾರಣ ಸಿಗದಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಕಡೆ ನೋಡಬೇಕು. ಇಂಜಿನ್ ಬಿಚ್ಚಲು ಒಪ್ಪಿಗೆ ಕೊಡುವುದಿದ್ದರೆ ಆ ಚೀಟಿ ಕೈಗೆ ಬಂದ ಮೇಲೆ ಕೊಡಿ.