ತೆಂಗಿನಕಾಯಿ ಮನೆಯಲ್ಲೇ ಇರಲಿ: ತ್ರಿಯೇಕ ದೇವರ ಬಗ್ಗೆ ಸತ್ಯವೇದದಿಂದ ಕಲಿಸುವ ಬಗೆ

ಉಡುಪಿಯ ನಮ್ಮ ಸಭೆಯ ಸಂಡೇ ಸ್ಕೂಲಿಗೆ ಒಮ್ಮೆ ನಾನು ಒಡೆದ ತೆಂಗಿನಕಾಯಿ ತೆಗೆದುಕೊಂಡು ಹೋಗಿದ್ದೆ. ಗೆರಟೆ, ತಿರುಳು, ನೀರು ಮೂರಾದರೂ ಕಾಯಿ ಒಂದೇ. ತಂದೆ, ಮಗ, ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಎಂದು ಹೇಳಿ ಹೆಮ್ಮೆಯಿಂದ ನಿಂತೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಟೀಚರ್, ಹಾಗಾದರೆ ಗೆರಟೆ ಯಾರು?”

ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವಳಿಗೆ ಆ ಆದಿತ್ಯವಾರ ಉತ್ತರ ಹೊಳೆಯಲಿಲ್ಲ. ಗೆರಟೆ ಕಾಯಿಯ ಒಂದು ಪಾಲು. ಮಗನು ದೇವರ ಒಂದು ಪಾಲಲ್ಲ. ನೀರು, ಮಂಜುಗಡ್ಡೆ, ಹಬೆ ಎಂಬ ಇನ್ನೊಂದು ಉದಾಹರಣೆಯೂ ಕೈಕೊಡುತ್ತದೆ. ಅದು ಒಬ್ಬನೇ ಯಕ್ಷಗಾನ ಕಲಾವಿದ ಒಂದೇ ರಾತ್ರಿಯಲ್ಲಿ ಮೂರು ವೇಷ ಕಟ್ಟಿದ ಹಾಗೆ: ಮೂರೂ ವೇಷಗಳು ಒಟ್ಟಿಗೆ ರಂಗಸ್ಥಳಕ್ಕೆ ಬರಲಾರವು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೇಸುವಿನ ದೀಕ್ಷಾಸ್ನಾನವನ್ನು ಹೇಳುವ ಮತ್ತಾಯ 3:16-17ರಲ್ಲಿ ನಡೆಯುವುದೇ ಬೇರೆ. ಮಗನಾದ ಯೇಸು ನೀರಿನಿಂದ ಮೇಲಕ್ಕೆ ಬರುತ್ತಾನೆ, ಆತ್ಮನು ಪಾರಿವಾಳದಂತೆ ಇಳಿಯುತ್ತಾನೆ, ತಂದೆಯ ಧ್ವನಿ ಆಕಾಶದಿಂದ ಕೇಳಿಸುತ್ತದೆ, ಎಲ್ಲವೂ ಒಂದೇ ಹೊತ್ತಿನಲ್ಲಿ. ಅಂದಿನಿಂದ ಉದಾಹರಣೆಗಳನ್ನು ಬಿಟ್ಟು ವಾಕ್ಯಗಳನ್ನೇ ಹಿಡಿದಿದ್ದೇನೆ.

ಮೊದಲು ‘ಒಬ್ಬನೇ’ ಎಂಬುದನ್ನು ಗಟ್ಟಿಮಾಡಿಕೊಳ್ಳಿ. ಧರ್ಮೋಪದೇಶಕಾಂಡ 6:4 ಮತ್ತು ಯೆಶಾಯ 45ನೆಯ ಅಧ್ಯಾಯವನ್ನು ಮಕ್ಕಳಿಂದಲೇ ಓದಿಸಿ. ಇದನ್ನು ಹಾರಿಸಿ ಮುಂದೆ ಹೋದರೆ ಕೊನೆಗೆ ಮೂವರು ದೇವರುಗಳು ಉಳಿಯುತ್ತಾರೆ. ಆಗ ನೆರೆಮನೆಯ ಮುಸ್ಲಿಂ ಗೆಳತಿ ಆಕ್ಷೇಪಿಸಿದರೆ ತಪ್ಪು ಅವಳದಲ್ಲ.

ಇನ್ನು ಆದಿಕಾಂಡ 1:26. ಮನುಷ್ಯನನ್ನು ಸೃಷ್ಟಿಸುವಾಗ ದೇವರು ಹೇಳುವ “ಉಂಟುಮಾಡೋಣ” ಎಂಬ ಬಹುವಚನ ಕಂಡ ಕೂಡಲೇ ಹಲವರು ಕುಣಿದಾಡುತ್ತಾರೆ. ನನ್ನ ಮಾತು ಕೇಳಿ, ಇಡೀ ಮನೆಯ ಭಾರವನ್ನು ಆ ಒಂದು ಕಂಬದ ಮೇಲೆ ಹೊರಿಸಬೇಡಿ. ಕನ್ನಡದಲ್ಲಿ “ಅಪ್ಪ ಬಂದರು” ಎಂದರೆ ಮನೆಗೆ ನಾಲ್ಕು ಅಪ್ಪಂದಿರು ಬಂದರು ಎಂದಲ್ಲ. ನಮ್ಮ ‘ದೇವರು’ ಎಂಬ ಪದದಲ್ಲೇ ಗೌರವದ ಬಹುವಚನವಿದೆ. ಆದರೂ ಹಳೆಯ ಸತ್ಯವೇದದ ಮೊದಲ ವಾಕ್ಯದಲ್ಲಿ ದೇವರು ‘ಉಂಟುಮಾಡಿದನು’. ಹೀಬ್ರೂ ಮೂಲದಲ್ಲೂ ಹೀಗೆಯೇ: ‘ದೇವರು’ ಎಂಬರ್ಥದ ಎಲೋಹಿಂ ಬಹುವಚನದ ರೂಪ, ಕ್ರಿಯಾಪದ ಮಾತ್ರ ಏಕವಚನ. ಮಕ್ಕಳಿಗೆ ತೋರಿಸಲು ಸೊಗಸಾದ ಜಾಗ, ಆದರೆ ಪುರಾವೆಯಾಗಿ ಬಡಕಲು.

ಮಗನ ವಿಷಯಕ್ಕೆ ಬಂದಾಗ ಎಲ್ಲರೂ ಯೋಹಾನ 1:1 ತೆರೆಯುತ್ತಾರೆ. ಅಲ್ಲಿ ‘ವಾಕ್ಯ’ ಎಂದರೆ ಮಗನೇ. ಸರಿಯೇ, “ಆ ವಾಕ್ಯವು ದೇವರ ಬಳಿಯಲ್ಲಿತ್ತು, ಆ ವಾಕ್ಯವು ದೇವರಾಗಿತ್ತು”: ಬೇರೆತನವೂ ಒಂದೇತನವೂ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಒಂದು ಜೋಡಿ. ಯೆಶಾಯ 45:23ರಲ್ಲಿ ದೇವರಾದ ಯೆಹೋವನು ಎಲ್ಲರೂ ತನಗೇ ಮೊಣಕಾಲೂರುವರು ಎಂದು ಆಣೆಯಿಡುತ್ತಾನೆ. ಫಿಲಿಪ್ಪಿ 2:10-11ರಲ್ಲಿ ಅಪೊಸ್ತಲ ಪೌಲನು ಅದೇ ಮಾತನ್ನು ಯೇಸುವಿಗೆ ಹೇಳುತ್ತಾನೆ. ಎರಡೂ ಪುಟಗಳಲ್ಲಿ ಬೆರಳಿಟ್ಟು ಓದಿಸಿ, ನೀವು ಸುಮ್ಮನಿರಿ. ಬೇಕಾದರೆ ಇನ್ನೊಂದು ಜೋಡಿ: ಲುಸ್ತ್ರ ಪಟ್ಟಣದಲ್ಲಿ ಜನ ತಮ್ಮನ್ನು ದೇವರೆಂದಾಗ ಪೌಲ ಬಾರ್ನಬರು ಅದನ್ನು ಒಪ್ಪದೆ ಬಟ್ಟೆ ಹರಿದುಕೊಳ್ಳುತ್ತಾರೆ, ಆದರೆ ಶಿಷ್ಯ ತೋಮನು ಯೇಸುವನ್ನು ‘ನನ್ನ ದೇವರು’ ಎಂದಾಗ (ಯೋಹಾನ 20:28) ಯೇಸು ಬೇಡವೆನ್ನುವುದಿಲ್ಲ.

ಪವಿತ್ರಾತ್ಮನಲ್ಲಿ ವ್ಯಾಕರಣ ಮತ್ತೆ ಕಾಲಿಗೆ ತೊಡರುತ್ತದೆ. ‘ಆತ್ಮನು’ ಎಂದು ಪುಲ್ಲಿಂಗದಲ್ಲಿದೆ, ಆದ್ದರಿಂದ ವ್ಯಕ್ತಿ ಎನ್ನಬೇಡಿ. ಮೂಲ ಗ್ರೀಕಿನಲ್ಲಿ ‘ಆತ್ಮ’ ಎಂಬರ್ಥದ ಪ್ನ್ಯೂಮ ನಪುಂಸಕಲಿಂಗ. ಲಿಂಗ ನೋಡದೆ ಕೆಲಸ ನೋಡಿ. ಆತನು ದುಃಖಪಡುತ್ತಾನೆ (ಎಫೆಸ 4:30), ತನಗೆ ಇಷ್ಟಬಂದಂತೆ ವರಗಳನ್ನು ಹಂಚುತ್ತಾನೆ (1 ಕೊರಿಂಥ 12:11). ಆದಿಸಭೆಯ ಅನನೀಯ ಎಂಬವನು ಸುಳ್ಳು ಹೇಳಿದ್ದು ಪವಿತ್ರಾತ್ಮನಿಗೆ ಎಂದು ಅಪೊಸ್ತಲರ ಕೃತ್ಯಗಳು 5:3 ಹೇಳಿದರೆ, ಮರುವಚನ ದೇವರಿಗೆ ಎನ್ನುತ್ತದೆ. ವಿದ್ಯುತ್ತಿನಂಥ ಶಕ್ತಿಗೆ ಯಾರಾದರೂ ಸುಳ್ಳು ಹೇಳುತ್ತಾರೆಯೇ?

ಒಂದು ಎಚ್ಚರಿಕೆ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದ 1 ಯೋಹಾನ 5:7ನ್ನು ದಯವಿಟ್ಟು ಎಳೆದು ತರಬೇಡಿ. ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಪರಲೋಕದ ಮೂವರು ಸಾಕ್ಷಿಗಳು ಒಂದೇ ಎನ್ನುವ ಆ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಮುದ್ರಿಸಿದ ವಿದ್ವಾಂಸ ಎರಾಸ್ಮಸ್ 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟು, 1522ರಲ್ಲಷ್ಟೇ ಸೇರಿಸಿದ. ಮೊಬೈಲ್ ಹಿಡಿದ ಹೈಸ್ಕೂಲ್ ಹುಡುಗ ಅದನ್ನು ಎರಡು ನಿಮಿಷದಲ್ಲಿ ಪತ್ತೆಹಚ್ಚುತ್ತಾನೆ. ಆಮೇಲೆ ಗಟ್ಟಿಯಾದ ವಚನಗಳನ್ನೂ ನಂಬುವುದಿಲ್ಲ. ಹಾಗೆಯೇ “ತಂದೆಯು ನನಗಿಂತ ದೊಡ್ಡವನು” (ಯೋಹಾನ 14:28) ಎಂಬುದನ್ನು ಬಚ್ಚಿಡಬೇಡಿ. ನೀವೇ ಮೊದಲು ಓದಿಸಿ, ಮಗನು ದಾಸನ ರೂಪ ಧರಿಸಿ ತನ್ನನ್ನು ತಗ್ಗಿಸಿಕೊಂಡ ಫಿಲಿಪ್ಪಿ 2:6-8ರ ಪಕ್ಕದಲ್ಲಿಡಿ.

‘ತ್ರಿಯೇಕ’ ಎಂಬ ಪದ ಸತ್ಯವೇದದಲ್ಲಿ ಎಲ್ಲಿದೆ ಎಂದು ಕೇಳಿದರೆ, ಇಲ್ಲ ಎಂದುಬಿಡಿ. ಕ್ರಿ.ಶ. 325ರಲ್ಲಿ ನೈಸಿಯ ಪಟ್ಟಣದ ಮಹಾಸಭೆಯಲ್ಲಿ ಸೇರಿದ ಬಿಷಪರು ಈ ಬೋಧನೆಯನ್ನು ಹೊಸದಾಗಿ ಕಟ್ಟಿದರು ಎಂಬ ಮಾತೂ ಜೊತೆಗೇ ಬರುತ್ತದೆ. ಅದಕ್ಕೆ ನಾನು 2 ಕೊರಿಂಥ 13:14 ತೆರೆಯುತ್ತೇನೆ: ಕ್ರಿಸ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಅನ್ಯೋನ್ಯತೆ. ನೈಸಿಯಕ್ಕಿಂತ ಸುಮಾರು 270 ವರ್ಷ ಮೊದಲು ಬರೆದ ಪತ್ರ ಅದು. ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾಗಿಯೇ ಇಲ್ಲ. ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈಯೆತ್ತಿ ಹೇಳುವ ಆಶೀರ್ವಾದವೇ ಅದು. ಮಳೆಗಾಲದಲ್ಲಿ ನಾವೆಲ್ಲ ಬೆಂಚಿನ ಕೆಳಗೆ ಕೊಡೆ ಹುಡುಕುವ ಹೊತ್ತಿನದು.