ಪ್ಲಾಂಟಿಂಗ್ ಬೇರೆ, ಪ್ಲಾಂಟೇಶನ್ ಬೇರೆ: ಇಂಗ್ಲಿಷ್ ಕ್ರಿಯಾಪದವನ್ನು ನಾಮಪದ ಮಾಡುವುದು ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಪ್ಲಾಂಟರ್, ಪಲ್ಪರ್, ರೈಟರ್, ಪೇಮೆಂಟ್ ದಿನಾ ಕಿವಿಗೆ ಬೀಳುವ ಮಾತುಗಳು. ಇವೆಲ್ಲ ಕ್ರಿಯಾಪದಕ್ಕೆ ಪ್ರತ್ಯಯ ಸೇರಿ ಆದ ನಾಮಪದಗಳು. ಮಕ್ಕಳಿಗೆ ಉದ್ದುದ್ದ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ಪ್ರತ್ಯಯ ಏನು ಹೇಳುತ್ತಿದೆ ಎಂದು ತೋರಿಸಿಕೊಡಿ, ಸಾಕು.

ಮೊದಲು ಕ್ರಿಯಾಪದ ಹಿಡಿಯಿರಿ. 'ಪ್ಲಾಂಟ್' ಅಂದರೆ ನೆಡು. ಈಗ ಕೇಳಿಕೊಳ್ಳಿ: ನಾನು ಹೇಳಬೇಕಾದದ್ದು ಕೆಲಸವನ್ನೋ, ಮಾಡಿದವರನ್ನೋ, ಅದರಿಂದ ಆದದ್ದನ್ನೋ? ನೆಡುವ ಕೆಲಸ ಪ್ಲಾಂಟಿಂಗ್. ನೆಟ್ಟು ಬೆಳೆಸಿದ ತೋಟ ಪ್ಲಾಂಟೇಶನ್. ತೋಟ ಮಾಡಿದವರು ಪ್ಲಾಂಟರ್. ಮಳೆ ಹಿಡಿದ ಮೇಲೆ ಗಿಡ ನೆಡುವಾಗ 'ಪ್ಲಾಂಟೇಶನ್ ನಡೀತಿದೆ' ಅನ್ನುವವರು ಜಾಸ್ತಿ. ಇಂಗ್ಲಿಷಿನಲ್ಲಿ ಬರೆಯುವಾಗ ಅಲ್ಲಿ ಪ್ಲಾಂಟಿಂಗ್ ಎಂದರೇನೇ ಅರ್ಥ ಸ್ಪಷ್ಟ.

'ಅರ್' ಬಂದರೆ ಕೆಲಸ ಮಾಡುವ ಮನುಷ್ಯ ಅಥವಾ ಯಂತ್ರ. ಹಣ್ಣು ಕೊಯ್ಯುವವರು ಪಿಕರ್. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್. ಹಾಜರಿ, ಲೆಕ್ಕ ಬರೆಯುವ ತೋಟದ ರೈಟರ್ ಕೂಡ ಇದೇ ಸಾಲಿನವರು. ಆದರೆ ಅಡುಗೆಯವರನ್ನು ಕುಕ್ಕರ್ ಎನ್ನುವಂತಿಲ್ಲ! ಅದು ಪಾತ್ರೆ. ಅಡುಗೆಯವರು ಬರೀ ಕುಕ್. ಇಂಥವನ್ನು ಒಂದೊಂದಾಗಿ ನೆನಪಿಡಬೇಕು.

'ಈ' ಪ್ರತ್ಯಯ ಸಾಮಾನ್ಯವಾಗಿ ಎದುರು ಪಕ್ಷದವರದು. ಚೆಕ್ ನೋಡಿ: ಹಣ ಕೊಡುವವರು ಪೇಯರ್, ಪಡೆಯುವವರು ಪೇಯೀ, ಸಂದಾಯವಾದದ್ದು ಪೇಮೆಂಟ್. ತರಬೇತಿ ಕೊಡುವವರು ಟ್ರೈನರ್, ಪಡೆಯುವವರು ಟ್ರೈನೀ.

ಇನ್ನು ಕಷ್ಟದ ಜಾಗ. ಕೆಲಸ ಅಥವಾ ಫಲ ಹೇಳಲು 'ಮೆಂಟ್', 'ಶನ್', 'ಅಲ್', 'ಏಜ್', 'ಅನ್ಸ್' ಎಲ್ಲವೂ ಇವೆ. 'ಇಂಗ್' ಇಂಗ್ಲಿಷಿನ ಸ್ವಂತದ್ದು, ಬಹುತೇಕ ಎಲ್ಲ ಕ್ರಿಯಾಪದಕ್ಕೂ ಸೇರುತ್ತದೆ. 'ಮೆಂಟ್', 'ಶನ್' ಫ್ರೆಂಚ್, ಲ್ಯಾಟಿನ್ ಕಡೆಯಿಂದ ಬಂದವು, ಎಲ್ಲದಕ್ಕೂ ಸೇರುವುದಿಲ್ಲ. ಆದರೂ ಕೆಲವು ಗುರುತುಗಳಿವೆ. ಕೊನೆಯಲ್ಲಿ 'ಏಟ್' ಇದ್ದರೆ ಸಾಮಾನ್ಯವಾಗಿ 'ಏಶನ್': ಜರ್ಮಿನೇಟ್, ಜರ್ಮಿನೇಶನ್. 'ಫೈ' ಇದ್ದರೆ 'ಫಿಕೇಶನ್': ಸರ್ಟಿಫೈ, ಸರ್ಟಿಫಿಕೇಶನ್. ಉಳಿದವಕ್ಕೆ ನಿಘಂಟೇ ಗತಿ.

ಪ್ರತ್ಯಯ ಸೇರಿದಾಗ ಸ್ಪೆಲ್ಲಿಂಗ್, ಉಚ್ಚಾರ ಎರಡೂ ಬದಲಾಗಬಹುದು. 'ಮೇಂಟೇನ್'ನಲ್ಲಿ ಒತ್ತು ಕೊನೆಗೆ ಬೀಳುತ್ತದೆ. 'ಮೇಂಟೆನನ್ಸ್'ನಲ್ಲಿ ಮೊದಲಿಗೆ. ನಡುವಿನ 'ಎ, ಐ' ಅಕ್ಷರಗಳು ಹೋಗಿ 'ಇ' ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಒಂದೇ ಕ್ರಿಯಾಪದದಿಂದ ಎರಡು ನಾಮಪದ ಹುಟ್ಟಿದರೆ ವಾಕ್ಯ ಮಾಡಿ ನೋಡಿ. ತೋಟದಲ್ಲಿ ನಿಂತ ನೀರು ಹೊರಬಿಡುವ ಕೆಲಸ ಡ್ರೈನಿಂಗ್. ಆ ನೀರು ಹರಿದುಹೋಗಲು ಮಾಡಿದ ಕಾಲುವೆಗಳ ಏರ್ಪಾಡು ಡ್ರೈನೇಜ್. 'ರಿಸೈಟ್'ನಿಂದ ಹುಟ್ಟಿದ ರೆಸಿಟೇಶನ್ ಅಂದರೆ ತರಗತಿಯಲ್ಲಿ ಪದ್ಯ ಹೇಳುವುದು. ರಿಸೈಟಲ್ ಅಂದರೆ ವೇದಿಕೆಯ ಮೇಲಿನ ಸಂಗೀತ ಕಛೇರಿ. ಶಾಲಾ ವಾರ್ಷಿಕೋತ್ಸವದ ಆಮಂತ್ರಣ ಅಚ್ಚಿಗೆ ಕೊಡುವ ಮೊದಲು ಇವೆರಡನ್ನು ಒಮ್ಮೆ ನೋಡಿಕೊಳ್ಳಿ.