ಹೈಫಾದ ಜರ್ಮನ್ ಕಾಲೋನಿ ನೋಡುವುದು ಹೇಗೆ: ಚರ್ಚ್ ಹುಡುಕಬೇಡಿ, ಬಾಗಿಲು ನೋಡಿ

ಹೈಫಾಕ್ಕೆ ಬಂದವರೆಲ್ಲ ಬಹಾಯಿ ಧರ್ಮದವರ ತೋಟದ ಎದುರು ನಿಂತು ಫೋಟೊ ತೆಗೆದು, ಕೆಳಗಿನ ಬೀದಿಯಲ್ಲಿ ಒಂದು ಕಾಫಿ ಕುಡಿದು ಬಸ್ ಹತ್ತುತ್ತಾರೆ. ಕಾಫಿ ಕುಡಿದ ಆ ಬೀದಿಯೇ ಜರ್ಮನ್ ಕಾಲೋನಿ ಅಂತ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನಮ್ಮ ಕರಾವಳಿಯಿಂದ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಬಂದವರು ಬೇಕಾದಷ್ಟು ಜನ ಇದ್ದೇವೆ. ಶನಿವಾರ ರಜೆ ಸಿಕ್ಕಿದರೆ ಏನು ನೋಡುವುದು ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಗಂಟೆ ಸಾಕು. ಬೀದಿ ನೋಡುವುದಕ್ಕೆ ಟಿಕೆಟ್ ಇಲ್ಲ.

ಬೆನ್ ಗುರಿಯನ್ ರಸ್ತೆಯ ಕೆಳತುದಿಯಿಂದ, ಅಂದರೆ ಸಮುದ್ರದ ಕಡೆಯಿಂದ ಶುರು ಮಾಡಿ. ಹಶ್ಮೋನಾ ರೈಲು ನಿಲ್ದಾಣ ಅಲ್ಲೇ ಹತ್ತಿರ. ವೀಲ್‌ಚೇರ್ ತಳ್ಳಿಕೊಂಡು ಬರುವವರು ಮಾತ್ರ ಮೇಲಿನಿಂದ ಇಳಿಯಿರಿ, ಏರು ಜಾಸ್ತಿ ಇಲ್ಲದಿದ್ದರೂ ಕೈ ಸೋಲುತ್ತದೆ. ಕೆಳಗೆ ನಿಂತು ಎದುರು ನೋಡಿದರೆ ರಸ್ತೆ ನೇರ ಕಾರ್ಮೆಲ್ ಬೆಟ್ಟಕ್ಕೆ ಹೋಗುತ್ತದೆ. ಅದೇ ಗೆರೆಯಲ್ಲಿ ಬಹಾಯಿ ತೋಟದ ಮೆಟ್ಟಿಲು, ಬಂಗಾರದ ಗುಮ್ಮಟ. ರಸ್ತೆಯನ್ನು ತೋಟಕ್ಕಾಗಿಯೇ ಮಾಡಿದ್ದಾರೆ ಅಂತ ಅನ್ನಿಸುತ್ತದೆ ಅಲ್ವಾ? ತಿರುಗುಮುರುಗು. ಕಾಲೋನಿ ಹುಟ್ಟಿದ್ದು 1868ರಲ್ಲಿ. ಗುಮ್ಮಟ ಮುಗಿದದ್ದು 1953ರಲ್ಲಿ, ಮೆಟ್ಟಿಲು ತೋಟ ಜನರಿಗೆ ತೆರೆದದ್ದು 2001ರಲ್ಲಿ. ರಸ್ತೆಯ ಗೆರೆ ನೋಡಿಕೊಂಡೇ ತೋಟವನ್ನು ಕೂರಿಸಿದ್ದಾರೆ.

ಕಟ್ಟಿದವರ ಹೆಸರು ಟೆಂಪ್ಲರ್‌ಗಳು. ಇವರು ಕುದುರೆ ಏರಿ ಯುದ್ಧ ಮಾಡಿದ ಹಳೆಯ ಕಾಲದ ಟೆಂಪ್ಲರ್ ಸೈನಿಕರಲ್ಲ. ಕೆಲವು ಗೈಡ್‌ಗಳೇ ಎರಡನ್ನೂ ಬೆರೆಸಿ ಹೇಳುತ್ತಾರೆ, ತಲೆ ಆಡಿಸಬೇಡಿ. ಇವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು. ರೈತರು, ಬಡಗಿಗಳು, ಕಲ್ಲುಕುಟಿಗರು. ಅಲ್ಲಿನ ಲೂಥರನ್ ಚರ್ಚ್ ಜೊತೆ ಜಗಳವಾಗಿ 1861ರಲ್ಲಿ ತಮ್ಮದೇ ಟೆಂಪಲ್ ಸೊಸೈಟಿ ಮಾಡಿಕೊಂಡರು. ದೇವರ ಜನ ಪವಿತ್ರ ನಾಡಿನಲ್ಲಿ ಒಟ್ಟು ಸೇರಿ ಸರಿಯಾಗಿ ಬಾಳಿ ತೋರಿಸಬೇಕು, ಹಾಗೆ ಬಾಳುವ ಜನರೇ ನಿಜವಾದ ದೇವಾಲಯ ಎನ್ನುವುದು ಅವರ ನಂಬಿಕೆ. ಮುಂದಾಳುಗಳಾದ ಕ್ರಿಸ್ಟೊಫ್ ಹಾಫ್‌ಮನ್ ಮತ್ತು ಗೇಯೊರ್ಗ್ ಡೇವಿಡ್ ಹಾರ್ಡೆಗ್ ಇಬ್ಬರೂ 1868ರ ಅಕ್ಟೋಬರ್ ಕೊನೆಯಲ್ಲಿ ಹಡಗಿನಿಂದ ಹೈಫಾದಲ್ಲಿ ಇಳಿದರು. ಆಗ ಇದು ತುರ್ಕರ ಆಳ್ವಿಕೆಯ, ಗೋಡೆಯೊಳಗಿನ ಸಣ್ಣ ಊರು. ಮುಂದಿನ ವರ್ಷವೇ ಹಾಫ್‌ಮನ್ ಜಾಫಾಕ್ಕೆ ಹೋದರು, ಹಾರ್ಡೆಗ್ ಇಲ್ಲೇ ಉಳಿದರು.

ಈ ನಂಬಿಕೆ ತಲೆಯಲ್ಲಿದ್ದರೆ ಬೀದಿ ತಾನಾಗಿಯೇ ಅರ್ಥವಾಗುತ್ತದೆ. ಧರ್ಮಕ್ಕಾಗಿ ಸಮುದ್ರ ದಾಟಿ ಬಂದವರ ಊರು, ನಡುವೆ ಒಂದು ದೊಡ್ಡ ಚರ್ಚ್ ಇರಬೇಕು ಅಂತ ನೀವು ಹುಡುಕುತ್ತೀರಿ. ಇಲ್ಲ. ಜನರೇ ದೇವಾಲಯ ಅಂದಮೇಲೆ ಗೋಪುರ ಯಾಕೆ? ಅವರು 1869ರಲ್ಲಿ ಕಟ್ಟಿದ್ದು ಒಂದು ಸಮುದಾಯ ಭವನ. ಪ್ರಾರ್ಥನೆಯೂ ಅಲ್ಲೇ, ಮಕ್ಕಳ ಶಾಲೆಯೂ ಅಲ್ಲೇ. ಅದೀಗ ಹೈಫಾ ನಗರ ಮ್ಯೂಸಿಯಂ, ರಸ್ತೆಯ ಕೆಳಭಾಗದಲ್ಲೇ ಸಿಗುತ್ತದೆ. ಒಳಗಿನ ಪ್ರದರ್ಶನ ಬದಲಾಗುತ್ತಾ ಇರುತ್ತದೆ, ಇಷ್ಟವಿದ್ದರೆ ಹೋಗಿ. ನಾನಾದರೆ ಹೊರಗೆ ನಿಂತು ಕಟ್ಟಡವನ್ನೇ ನೋಡು ಎನ್ನುತ್ತೇನೆ. ಪಕ್ಕದ ಮನೆಗಳಿಗಿಂತ ಹೆಚ್ಚಿನ ಆಡಂಬರ ಅದಕ್ಕಿಲ್ಲ.

ಇನ್ನು ಮನೆಗಳು. ರಸ್ತೆ 30 ಮೀಟರ್ ಅಗಲ, ಎರಡೂ ಕಡೆ ಮರ, ಮರದ ಹಿಂದೆ ಸಣ್ಣ ತೋಟ, ತೋಟದ ಹಿಂದೆ ಮನೆ. ಕಾರುಗಳೇ ಇಲ್ಲದ ಕಾಲದಲ್ಲಿ ಇಷ್ಟು ಅಗಲ! ಇಲ್ಲಿ ನಕ್ಷೆ ಬರೆದವರಲ್ಲಿ ಮುಖ್ಯರು ಯಾಕೊಬ್ ಶೂಮಾಖರ್, ಅಮೆರಿಕದಲ್ಲಿದ್ದು ಆಮೇಲೆ ಇಲ್ಲಿಗೆ ಬಂದವರು. ಮನೆಯ ಎದುರು ನಿಂತು ಕೆಳಗಿನಿಂದ ಮೇಲಕ್ಕೆ ಕಣ್ಣು ಓಡಿಸಿ. ನೆಲಕ್ಕೆ ಅಂಟಿಕೊಂಡಂತೆ ಪುಟ್ಟ ಕಿಟಕಿ ಕಂಡರೆ ಅದು ನೆಲಮಾಳಿಗೆಯದು. ಗೋಡೆ ಇಲ್ಲಿನದೇ ಸುಣ್ಣದ ಕಲ್ಲು. ಆದರೆ ಮರದ ಕಿಟಕಿ ಬಾಗಿಲು, ಇಳಿಜಾರು ಮಾಡು, ಕೆಂಪು ಹಂಚು ಎಲ್ಲ ಅವರ ಊರಿನ ರೀತಿ. ಕೆಳಗಿನ ಕಲ್ಲು ಒರಟು, ಮೇಲಿನ ಅಂತಸ್ತಿನ ಕಲ್ಲು ನಯ, ಸಾಲುಗಳ ಎತ್ತರವೂ ಬೇರೆ ಇದ್ದರೆ, ಮೇಲಿನದು ಆಮೇಲೆ ಸೇರಿಸಿದ್ದು ಅಂತ ತಿಳಿಯಬಹುದು. ಕುಟುಂಬ ದೊಡ್ಡದಾದ ಹಾಗೆ ಮನೆಯೂ ಬೆಳೆದಿದೆ.

ಹಂಚಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನಾನು ಮಂಗಳೂರಿನವಳೇ ಅಲ್ಲ. ಆ ಕಾಲದಲ್ಲಿ ಈ ತೀರಕ್ಕೆ ಹಂಚು ಬರುತ್ತಿದ್ದದ್ದು ಹೆಚ್ಚಾಗಿ ಫ್ರಾನ್ಸಿನ ಮಾರ್ಸೇ ಬಂದರಿನಿಂದ. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಜಾತಿಯ ಹಂಚು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1865ರಲ್ಲಿ, ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್ ಕೂಡ ಇದೇ ವ್ಯುರ್ಟೆಂಬರ್ಗ್‌ನವರು. ಒಂದೇ ಸೀಮೆಯ ಭಕ್ತರು, ಕೆಲವರು ನಮ್ಮ ಕಡೆಗೆ, ಕೆಲವರು ಈ ಕಡೆಗೆ. ಇಲ್ಲಿನ ಮಾಡು ನೋಡಿದಾಗ ಬೇರೆ ದೇಶ ಅನ್ನಿಸದೇ ಇರುವುದಕ್ಕೆ ಕಾರಣ ಇಷ್ಟೇ.

ಈಗ ಮುಖ್ಯವಾದದ್ದು, ಬಾಗಿಲ ಮೇಲಿನ ಕಲ್ಲು. ಗೋಪುರದಲ್ಲಿ ಇರಬೇಕಾದದ್ದನ್ನೆಲ್ಲ ಇವರು ಬಾಗಿಲಿಗೆ ತಂದಿದ್ದಾರೆ. ಬೈಬಲಿನ ಒಂದು ವಾಕ್ಯ, ಕೆಲವು ಕಡೆ ಇಸವಿಯೂ ಉಂಟು. ಅಕ್ಷರ ಹಳೆಯ ಜರ್ಮನ್ ಶೈಲಿಯದು, ಕೊಕ್ಕೆ ಕೊಕ್ಕೆಯಾಗಿ ಇರುತ್ತದೆ, ಇಂಗ್ಲಿಷ್ ಬಂದರೂ ಸುಲಭವಾಗಿ ಓದಲಾಗುವುದಿಲ್ಲ. ಬಿಸಿಲು ಓರೆಯಾಗಿ ಬೀಳುವಾಗ ನೋಡಿ, ಆಗ ಕೊರೆದ ಜಾಗದಲ್ಲಿ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ಏರುತ್ತಾ ಹೋಗುವಾಗ ಬಲಗಡೆಯ ಮನೆಗಳನ್ನು ಮಧ್ಯಾಹ್ನದ ಮೊದಲೇ ಮುಗಿಸಿ, ಎಡಗಡೆಯವನ್ನು ಮಧ್ಯಾಹ್ನದ ಮೇಲೆ ನೋಡಿ. ಹೋಟೆಲಿನ ಬೋರ್ಡು, ಬಳ್ಳಿ, ಎಸಿ ಪೈಪು ಅಡ್ಡ ಬಂದಿರುತ್ತದೆ, ಸ್ವಲ್ಪ ಬಗ್ಗಿ ನೋಡಬೇಕು. ಬೆಟ್ಟದ ಬುಡದ ಒಂದು ಮನೆಯ ಮೇಲೆ ‘ಡೆರ್ ಹೆರ್ ಇಸ್ಟ್ ನಾಹೆ’ ಅಂತ ಇದೆ, ಕರ್ತನು ಹತ್ತಿರವಿದ್ದಾನೆ ಅಂತ. ಬಹಾಯಿಗಳಿಗೂ ಅದು ಪ್ರೀತಿಯ ಮನೆ, ಅವರ ಗುರು ಬಹಾವುಲ್ಲಾ ಹೈಫಾಕ್ಕೆ ಬಂದಾಗ ಈ ಕಾಲೋನಿಯಲ್ಲಿ ಉಳಿದಿದ್ದರು.

ನಾನು ನೋಡಿಕೊಳ್ಳುವ ಅಜ್ಜಿ ಜರ್ಮನ್ ಮಾತಾಡುವ ಯಹೂದಿ ಮನೆತನದವರು. ಒಮ್ಮೆ ಕರೆದುಕೊಂಡು ಹೋಗಿದ್ದೆ. ವೀಲ್‌ಚೇರಿನಿಂದಲೇ ಕತ್ತು ಎತ್ತಿ ಒಂದು ಬಾಗಿಲಿನ ಸಾಲನ್ನು ತಡೆಯದೆ ಓದಿದರು. ಆಮೇಲೆ ಕನ್ನಡಕ ಒರೆಸಿಕೊಂಡು, “ಬರೆದವರು ದೇವರನ್ನು ಕಾಯುತ್ತಿದ್ದರು. ಇವರ ಮೊಮ್ಮಕ್ಕಳು ಹಿಟ್ಲರನ ಬಾವುಟ ಹಾರಿಸಿದರು. ಎರಡನ್ನೂ ಬರಿ,” ಎಂದರು. ಬರೆಯುತ್ತಿದ್ದೇನೆ. 1930ರ ದಶಕದಲ್ಲಿ ಇಲ್ಲಿ ನಾಜಿ ಪಕ್ಷದ ಶಾಖೆ ಇತ್ತು, ಟೆಂಪ್ಲರ್ ಯುವಕರು ಅದಕ್ಕೆ ಸೇರಿದ್ದರು. ಯುದ್ಧ ಶುರುವಾದ ಮೇಲೆ ಬ್ರಿಟಿಷರು ಇವರನ್ನೆಲ್ಲ ಬೇಲಿಯೊಳಗೆ ಇಟ್ಟರು. 1941ರಲ್ಲಿ ಐನೂರಕ್ಕೂ ಹೆಚ್ಚು ಟೆಂಪ್ಲರ್‌ಗಳನ್ನು ‘ಕ್ವೀನ್ ಎಲಿಜಬೆತ್’ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಇಸ್ರೇಲ್ ದೇಶವಾದ ಹೊತ್ತಿಗೆ ಉಳಿದವರೂ ಹೊರಟರು. ಪ್ರವಾಸಿ ಬೋರ್ಡುಗಳನ್ನು ಓದುವಾಗ ಈ ಭಾಗ ಎಷ್ಟು ಸಾಲು ಇದೆ ಅಂತ ಸುಮ್ನೆ ಲೆಕ್ಕ ಹಾಕಿ.

ಸಮಯ ಉಳಿದರೆ ಜಾಫಾ ರಸ್ತೆಯಲ್ಲಿರುವ ಟೆಂಪ್ಲರ್ ಸ್ಮಶಾನಕ್ಕೂ ಹೋಗಿ. ಬೀದಿಯಲ್ಲಿ ಓದಿದ ಮನೆತನಗಳ ಹೆಸರು ಅಲ್ಲಿ ಕಲ್ಲಿನ ಮೇಲೆ ಸಿಗುತ್ತದೆ. ಗೇಟು ಯಾವಾಗಲೂ ತೆರೆದಿರುತ್ತದೆ ಅಂತ ನಂಬಿಕೊಂಡು ಮಾತ್ರ ಹೋಗಬೇಡಿ.

ಡಿಸೆಂಬರ್‌ನಲ್ಲಿ ಇಲ್ಲಿ ದೊಡ್ಡ ಹಬ್ಬ, ಕ್ರಿಸ್ಮಸ್ ಮರ, ದೀಪ, ಜನಜಂಗುಳಿ. ಚೆನ್ನಾಗಿರುತ್ತದೆ, ಆದರೆ ಬಾಗಿಲು ಓದಲು ಆಗುವುದಿಲ್ಲ. ಬೇರೆ ತಿಂಗಳ ಯಾವುದಾದರೂ ಶನಿವಾರ ಬನ್ನಿ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ರಾತ್ರಿವರೆಗೆ ರೈಲು ಓಡುವುದಿಲ್ಲ. ಟೆಲ್ ಅವೀವ್ ಕಡೆಯವರು ಶೇರುತ್, ಅಂದರೆ ಹಲವರು ಒಟ್ಟಿಗೆ ಹೋಗುವ ಶೇರ್ ಟ್ಯಾಕ್ಸಿ, ಹಿಡಿಯಿರಿ, ಹೈಫಾದ ಒಳಗೆ ಶನಿವಾರವೂ ಒಂದಿಷ್ಟು ಬಸ್ ಇರುತ್ತವೆ.